ಅಡುಗೆಮನೆ ಬಾಗಿಲಿಗೆ ಬಂದ ಯೂರೋಪು

ಇಪ್ಪತ್ತೊಂಬತ್ತು ವರ್ಷಗಳಿಂದ ಯೂರೋಪಿಗೆ ಬೆಳಕು ತರುವ ಕೆಲಸ ನನ್ನದು. ಸಾಮಾನ್ಯವಾಗಿ ದಸರಾ ರಜೆ ಮುಗಿದ ಮೊದಲ ಮಂಗಳವಾರ, ಟೀ ವಿರಾಮದ ನಂತರದ ಪೀರಿಯಡ್ಡಿನಲ್ಲಿ, ಯಲಹಂಕದ ನಮ್ಮ ಡಿಗ್ರಿ ಕಾಲೇಜಿನ ಎರಡನೇ ಮಹಡಿಯಲ್ಲಿ, ಆ ಖಂಡದ ಜನ ಮೂಢನಂಬಿಕೆಯಿಂದ ಎಚ್ಚೆತ್ತು ತರ್ಕದ ಕಡೆ ಹೊರಳುತ್ತಾರೆ. ದೀಪಾವಳಿಯ ಹೊತ್ತಿಗೆ ತರ್ಕವೂ ಅವರಿಗೆ ಸಾಕಾಗಿ, ಕಾಡು, ಕಣ್ಣೀರು, ಬೆಳದಿಂಗಳು ಎಂದು ರಮ್ಯ ಚಳವಳಿ ಶುರುಮಾಡುತ್ತಾರೆ. ನಡುವೆ ಇಂಟರ್ನಲ್ ಟೆಸ್ಟ್ ಬಂದರೆ ಮಾತ್ರ ಒಂದು ವಾರ ತಡ. ಇಷ್ಟೆಲ್ಲ ಜವಾಬ್ದಾರಿ ಹೊತ್ತ ಮನುಷ್ಯ ಯೂರೋಪನ್ನು ಕಣ್ಣಾರೆ ನೋಡಿದ್ದಾನೆಯೇ ಎಂದು ನೀವು ಕೇಳಬಹುದು. ಇಲ್ಲ. ಆ ದಿಕ್ಕಿನಲ್ಲಿ ನಾನು ಚಿಕ್ಕಜಾಲ ದಾಟಿ ಏರ್‌ಪೋರ್ಟಿನ ಗೇಟಿನವರೆಗೆ ಹೋಗಿದ್ದೇನೆ, ಅದೂ ಬೇರೆಯವರ ಸೂಟ್‌ಕೇಸ್ ಹೊತ್ತುಕೊಂಡು.

ಇನ್ನೊಂದು ವಿಷಯವನ್ನೂ ಒಪ್ಪಿಕೊಂಡುಬಿಡುತ್ತೇನೆ. ನಾನು ಪಾಠ ಮಾಡುತ್ತೇನೆ ಎಂದರೆ ಅದು ಪೂರ್ತಿ ನಿಜವಲ್ಲ. ನೋಟ್ಸ್ ಬರೆಸುತ್ತೇನೆ. ನನ್ನ ಹತ್ತಿರ ಕೆಂಪು ರಟ್ಟಿನ ಒಂದು ನೋಟ್‌ಬುಕ್ ಇದೆ. ಅದನ್ನು ತೆರೆದು ನಾನು ನಿಧಾನವಾಗಿ ಓದುತ್ತೇನೆ, ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಾರೆ. ಇದರಲ್ಲಿ ಎರಡೂ ಕಡೆಯವರಿಗೆ ನೆಮ್ಮದಿ. ನಾನು ಬರೆಸಿದ್ದನ್ನು ಅವರು ಪರೀಕ್ಷೆಯಲ್ಲಿ ಬರೆಯುತ್ತಾರೆ, ಅವರು ಬರೆದದ್ದಕ್ಕೆ ನಾನೋ ನನ್ನಂಥ ಇನ್ನೊಬ್ಬನೋ ಮೌಲ್ಯಮಾಪನದಲ್ಲಿ ಅಂಕ ಹಾಕುತ್ತೇವೆ, ಮಧ್ಯೆ ಯಾರಿಗೂ ತಲೆನೋವಿಲ್ಲ. ಜ್ಞಾನೋದಯ ಯುಗದ ಮೊದಲನೇ ಲಕ್ಷಣ ಎಂದು ನಾನು ಬರೆಸುವುದು ಹೀಗೆ: ‘ಪ್ರತಿಯೊಬ್ಬ ಮನುಷ್ಯನೂ ಬೇರೆಯವರು ಹೇಳಿದ್ದನ್ನು ಹಾಗೆಯೇ ಒಪ್ಪದೆ ಸ್ವಂತ ಬುದ್ಧಿಯಿಂದ ಯೋಚಿಸಬೇಕು.’ ಒಂದು ವರ್ಷ ಇದನ್ನು ಬರೆಸುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಪ್ರಶ್ನೆ ಬಂತಲ್ಲಪ್ಪ ಎಂದು ನಾನು ನೋಟ್‌ಬುಕ್ಕಿನ ಸಾಲಿಗೆ ಬೆರಳಿಟ್ಟೆ. “ಸರ್, ಯೋಚಿಸಬೇಕು ಆದ್ಮೇಲೆ ಫುಲ್‌ಸ್ಟಾಪಾ, ಕಾಮಾನಾ?” ಎಂದಳು. “ಫುಲ್‌ಸ್ಟಾಪು. ಅಡಿಗೆರೆ ಎಳ್ಕೊಳ್ಳಿ, ಎರಡು ಮಾರ್ಕ್ಸಿಗೆ ಬರುತ್ತೆ” ಎಂದೆ. ಇಡೀ ತರಗತಿ ಅಡಿಗೆರೆ ಎಳೆಯಿತು.

ಹೀಗೆ ಸುಖವಾಗಿದ್ದ ನನಗೆ ಕಷ್ಟ ಬಂದದ್ದು ಮನೆಯೊಳಗಿನಿಂದ. ನನ್ನ ಹೆಂಡತಿ ಶೈಲಜಳ ತಾಯಿ, ಅಂದರೆ ನನ್ನ ಅತ್ತೆ ಸರೋಜಮ್ಮ, ಮಾವನವರು ತೀರಿಕೊಂಡ ಮೇಲೆ ದೊಡ್ಡಬಳ್ಳಾಪುರದಿಂದ ನಮ್ಮ ಮನೆಗೆ ಬಂದು ಏಳು ವರ್ಷವಾಯಿತು. ಈಗ ಅವರಿಗೆ ಎಪ್ಪತ್ತೊಂದು. ಅವರ ಕಡೆಯವರಲ್ಲಿ ಒಂದು ಪದ್ಧತಿ: ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ನೇರ ಮಾತೂ ಆಡುವುದಿಲ್ಲ. ನಾನು ಊಟದ ಮೇಜಿನ ಮುಂದೆ ಎರಡಡಿ ದೂರದಲ್ಲಿ ಕೂತಿದ್ದರೂ “ಅವರಿಗೆ ಇನ್ನೊಂದು ಚಪಾತಿ ಬೇಕೇನೋ ಕೇಳೇ” ಎಂದು ಮಗಳಿಗೆ ಹೇಳುತ್ತಾರೆ. “ಸಾಕಂತೆ” ಎಂದು ಶೈಲಜ ನನ್ನ ಮುಖ ನೋಡಿಯೇ ಉತ್ತರ ಕೊಡುತ್ತಾಳೆ. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ನಾನೂ ಅತ್ತೆಯೂ ನೇರವಾಗಿ ಆಡಿದ ಮಾತುಗಳನ್ನು ಒಂದು ಪೋಸ್ಟ್‌ಕಾರ್ಡಿನ ಮೇಲೆ ಬರೆಯಬಹುದಿತ್ತು, ವಿಳಾಸಕ್ಕೂ ಜಾಗ ಉಳಿಯುತ್ತಿತ್ತು.

ನಮ್ಮ ಬೀದಿಯಲ್ಲಿ ಅತ್ತೆಗೆ ‘ಬಿ.ಎ. ಅಮ್ಮ’ ಎಂದು ಹೆಸರು. ಹೆಸರಿಟ್ಟವರು ಮಾವನವರೇ. ಅಂಚೆ ಇಲಾಖೆಯಲ್ಲಿದ್ದ ಅವರು ರಜೆಯಲ್ಲಿ ನಮ್ಮಲ್ಲಿಗೆ ಬಂದಾಗಲೆಲ್ಲ ಗೇಟಿನ ಹತ್ತಿರ ನಿಂತು, ಹೋಗಿಬರುವವರನ್ನು ಮಾತಾಡಿಸಿ, ಎರಡನೇ ಮಾತಿಗೆ “ನಮ್ಮನೇವ್ರು ಬಿ.ಎ.” ಎನ್ನುತ್ತಿದ್ದರು. ಎದುರು ಮನೆಯ ಮುನಿರಾಜಪ್ಪನವರು ಈ ಊರಿನ ಹಳಬರು, ಬಡಾವಣೆ ಆಗುವ ಮುಂಚೆ ನಮ್ಮ ಮನೆ ಇರುವ ಜಾಗದಲ್ಲಿ ಅವರ ರಾಗಿ ಹೊಲವಿತ್ತು. ಪಿಂಚಣಿ ಅರ್ಜಿಯಿಂದ ಹಿಡಿದು ಮೊಮ್ಮಗಳ ಸ್ಕೂಲ್ ಫಾರಂವರೆಗೆ ಅವರು ಎಲ್ಲವನ್ನೂ ತರುವುದು ಅತ್ತೆಯ ಹತ್ತಿರಕ್ಕೆ. ಅದೇ ಮನೆಯಲ್ಲಿ ಒಬ್ಬ ಪ್ರೊಫೆಸರ್ ಇದ್ದಾನೆ ಎಂಬುದು ಅವರಿಗೆ ಗೊತ್ತು. ಆದರೆ ಫಾರಂ ತುಂಬುವಂಥ ಮುಖ್ಯ ಕೆಲಸಕ್ಕೆ ಅವರು ನನ್ನನ್ನು ನಂಬುವುದಿಲ್ಲ.

ಕಳೆದ ವರ್ಷ ಒಂದು ಭಾನುವಾರ ಬೆಳಿಗ್ಗೆ ಶೈಲಜ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. “ರೀ, ಗಾಬರಿ ಆಗ್ಬೇಡಿ. ಅಮ್ಮ ಬಿ.ಎ. ಅಲ್ಲ” ಎಂದಳು.

“ಅಂದ್ರೆ?”

“ಅಂದ್ರೆ ಇನ್ನೂ ಆಗಿಲ್ಲ. ಒಂದು ಪೇಪರ್ ಉಳ್ಕೊಂಡಿದೆ. ನನಗೂ ನಿನ್ನೇನೇ ಗೊತ್ತಾಗಿದ್ದು, ಬೀರುವಿನಲ್ಲಿ ಹಾಲ್ ಟಿಕೆಟ್ ಸಿಕ್ತು. ಎರಡು ಸಲ ಕಟ್ಟಿ ಎರಡು ಸಲಾನೂ ಹೋಗಿದೆ. ಈ ಸಲಾನೂ ಹೋದ್ರೆ ರಿಜಿಸ್ಟ್ರೇಷನ್ನೇ ಮುಗಿದುಹೋಗುತ್ತಂತೆ.”

“ಯಾವ ಪೇಪರು?”

“ನಿಮ್ದೇ ಕಣ್ರೀ” ಎಂದಳು ಶೈಲಜ.

ಸಂಗತಿ ಇಷ್ಟು. ಐವತ್ತು ವರ್ಷದ ಹಿಂದೆ ಅತ್ತೆ ಬಿ.ಎ. ಕೊನೆಯ ಪರೀಕ್ಷೆ ಬರೆದ ವಾರವೇ ಮದುವೆ ಗೊತ್ತಾಗಿ, ಫಲಿತಾಂಶ ಬರುವ ಮುಂಚೆಯೇ ಲಗ್ನಪತ್ರಿಕೆ ಅಚ್ಚಿಗೆ ಹೋಯಿತು. ಲಗ್ನಪತ್ರಿಕೆಯಲ್ಲಿ ಹೆಸರಿನ ಮುಂದೆ ಡಿಗ್ರಿ ಹಾಕುವುದು ನಮ್ಮಲ್ಲಿ ಎಂಥ ವಿಷಯವೆಂದು ನಿಮಗೆ ಗೊತ್ತೇ ಇದೆ. ಹೆಸರು ತಪ್ಪಾಗಿ ಅಚ್ಚಾದರೂ ಕ್ಷಮಿಸುವವರಿದ್ದಾರೆ, ಡಿಗ್ರಿ ಬಿಟ್ಟುಹೋದರೆ ಮೊಮ್ಮಕ್ಕಳ ಕಾಲದವರೆಗೆ ಮಾತು ಕೇಳಬೇಕು. ಅತ್ತೆಯ ತಂದೆ “ಹೇಗಿದ್ರೂ ಪಾಸಾಗ್ತಾಳೆ” ಎಂದು ‘ಚಿ. ಸೌ. ಸರೋಜ, ಬಿ.ಎ.’ ಎಂದೇ ಹಾಕಿಸಿದರು. ಮದುವೆಯಾದ ತಿಂಗಳಿಗೆ ತವರಿನಿಂದ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಅಂಚೆ ಇಲಾಖೆಯ ಮಾವನೇ ಅದನ್ನು ತಂದು, ಒಡೆಯದೆ, ಹೆಂಡತಿಯ ಕೈಗೆ ಕೊಟ್ಟರಂತೆ. ಎಲ್ಲ ಪಾಸಾಗಿದೆ, ಯೂರೋಪಿನ ಚರಿತ್ರೆ ಒಂದು ಹೋಗಿದೆ, ಸೆಪ್ಟೆಂಬರಿನಲ್ಲಿ ಕಟ್ಟಬಹುದು ಎಂದಿತ್ತು. ಸೆಪ್ಟೆಂಬರಿನ ಹೊತ್ತಿಗೆ ಹನ್ನೊಂದು ಜನರ ಮನೆಯ ಒಲೆ ಅತ್ತೆಯ ಪಾಲಿಗೆ ಬಂದಿತ್ತು. ಕಾಗದ ಸೀರೆಯ ಮಡಿಕೆಯೊಳಗೆ ಹೋಯಿತು. ಯಾರಿಗೂ ಹೇಳಲಿಲ್ಲ, ಮಾವನಿಗೂ ಹೇಳಲಿಲ್ಲ.

ಮಾವ ಹೋದ ಮರುವರ್ಷ ಅತ್ತೆ ಅಂಚೆ ಮೂಲಕ ಕಲಿಸುವ ಒಂದು ವಿಶ್ವವಿದ್ಯಾಲಯಕ್ಕೆ ಸೇರಿ, ಮೊದಲ ವರ್ಷದಿಂದ ಶುರುಮಾಡಿ, ಒಂದೊಂದೇ ವಿಷಯ ದಾಟುತ್ತ ಬಂದಿದ್ದರು. ಭಾನುವಾರದ ತರಗತಿಗೆ ಹೋಗುವಾಗ ಗೀತಾ ಪಾಠಕ್ಕೆ ಎನ್ನುತ್ತಿದ್ದರು. ಹಳೆಯ ಕ್ಯಾಲೆಂಡರಿನ ಲಕ್ಷ್ಮಿಯ ಹಾಳೆಯಿಂದ ಬೈಂಡ್ ಹಾಕಿದ ಪುಸ್ತಕವೊಂದನ್ನು ಅವರು ಕಣ್ಣಿಗೊತ್ತಿಕೊಂಡು ತೆರೆಯುವುದನ್ನು ನಾನೇ ಎಷ್ಟೋ ಸಲ ನೋಡಿದ್ದೆ. “ಶ್, ಅತ್ತೆ ಪಾರಾಯಣಕ್ಕೆ ಕೂತಿದ್ದಾರೆ” ಎಂದು ಟಿ.ವಿ. ಸದ್ದು ಕಡಿಮೆ ಮಾಡಿದ್ದೆ. ಅದು ಸಮಾಜಶಾಸ್ತ್ರ. ಅಷ್ಟೂ ವರ್ಷ ನಾನು ಮುಂದಿನ ಕೋಣೆಯಲ್ಲಿ ಯೂರೋಪಿನ ಚರಿತ್ರೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ, ಹಿಂದಿನ ಕೋಣೆಯಲ್ಲಿ ಅವರು ಅದೇ ಪೇಪರಿನಲ್ಲಿ ಎರಡು ಸಲ ಫೇಲಾಗಿದ್ದರು. ನನ್ನ ಹತ್ತಿರ ಒಂದು ಮಾತು ಕೇಳಲು ಅವರಿಗೆ ಆಗಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು, ಸ್ವಲ್ಪ ನೋವೂ ಆಯಿತು.

ಪಾಠ ಹೇಳಿಕೊಡುತ್ತೇನೆ ಎಂದರೆ ಅತ್ತೆ ಒಪ್ಪಬೇಕಲ್ಲ! ಕಲಿಯಬೇಕೆಂದರೆ ಮೇಷ್ಟ್ರ ಎದುರು ಕೂರಬೇಕು, ಮೇಷ್ಟ್ರು ನೋಡಿದರೆ ಅಳಿಯ. ಎರಡು ದಿನ ಸಂಧಾನ ನಡೆದು ಕೊನೆಗೆ ಶೈಲಜ ದಾರಿ ಕಂಡುಹಿಡಿದಳು. ನಾನು ಊಟದ ಮೇಜಿನ ಮುಂದೆ ಕೂರುವುದು, ಅತ್ತೆ ಅಡುಗೆಮನೆಯ ಬಾಗಿಲಿನ ಒಳಪಕ್ಕ ಸ್ಟೂಲ್ ಹಾಕಿಕೊಂಡು ಕೂರುವುದು, ನಡುವೆ ಅರ್ಧ ಗೋಡೆ. ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಫ್ರಿಜ್ಜು. ಸಂಜೆ ಐದಕ್ಕೆ ನಾನು ಕಾಲೇಜಿನಿಂದ ಬಂದು, ಕಾಫಿ ಕುಡಿದು, ಕೆಂಪು ನೋಟ್‌ಬುಕ್ ತೆರೆದು, ಮನುಷ್ಯರೆಲ್ಲ ಹುಟ್ಟಿನಿಂದ ಸಮಾನರು ಎಂದು ಫ್ರಿಜ್ಜಿಗೆ ಹೇಳುತ್ತಿದ್ದೆ. ಗೋಡೆಯಾಚೆ ಪೆನ್ನು ಓಡುವ ಸದ್ದು ಕೇಳುತ್ತಿತ್ತು.

ಮೊದಮೊದಲು ಅನುಮಾನಗಳು ಶೈಲಜಳ ಮೂಲಕ ಬರುತ್ತಿದ್ದವು. ಆದರೆ ಅವಳ ಆಫೀಸಿರುವುದು ಹೆಬ್ಬಾಳದ ಆಚೆ, ಸಂಜೆ ಅವಳು ಏಳಕ್ಕೆ ಮುಂಚೆ ಮನೆ ಸೇರಿದ್ದುಂಟೇ? ಹಾಗಾಗಿ ಅತ್ತೆ ಪ್ರಶ್ನೆಗಳನ್ನು ಕುಕ್ಕರಿಗೋ ಬೇಳೆ ಡಬ್ಬಿಗೋ ಕೇಳಲು ಶುರುಮಾಡಿದರು. “ಇಷ್ಟೊಂದು ಜನ ಒಬ್ಬರ ಮನೇಲಿ ಸೇರಿ ಚರ್ಚೆ ಮಾಡ್ತಿದ್ರು ಅಂತ ಬರೆಸಿದಾರೆ. ಅಷ್ಟೂ ಜನಕ್ಕೆ ಕಾಫಿ ತಿಂಡಿ ಯಾರು ಮಾಡ್ತಿದ್ರೋ, ಬರೆಸಲೇ ಇಲ್ಲ” ಎಂದು ಒಂದು ಸಂಜೆ ಬೇಳೆ ಡಬ್ಬಿಗೆ ಹೇಳಿದರು. ನಾನು ಪೆನ್ನು ಕೆಳಗಿಟ್ಟೆ. ಆ ಚರ್ಚೆಗಳನ್ನು ಕರೆದು ಕೂಡಿಸುತ್ತಿದ್ದವರು ಬಹುಪಾಲು ಹೆಂಗಸರು, ದೊಡ್ಡ ದೊಡ್ಡ ವಿದ್ವಾಂಸರು ಅವರ ಮನೆಯ ಹಜಾರದಲ್ಲಿ ಕೂತು ಅವರಿಂದ ಮಾತು ಕಲಿತರು ಎಂದು ಎಂ.ಎ. ಓದುವಾಗ ಎಲ್ಲೋ ಓದಿದ್ದು ನೆನಪಿಗೆ ಬಂತು. ಹೇಳಿದೆ. ಗೋಡೆಯಾಚೆ ಡಬ್ಬಿಯ ಮುಚ್ಚಳ ಹಾಕಿದ ಸದ್ದಾಯಿತು. “ಹೆಂಗಸರ ಮನೇಲಾ?” ಎಂದು ಕೇಳಿದ ದನಿ ಎಪ್ಪತ್ತು ವರ್ಷದವರದಾಗಿರಲಿಲ್ಲ. “ಮತ್ತೆ ನೋಟ್ಸಲ್ಲಿ ಯಾಕಿಲ್ಲ?” ಎಂದರು. “ಅದು ಪರೀಕ್ಷೆಗೆ ಬರಲ್ಲ ಅತ್ತೆ” ಎಂದೆ. ಹೇಳಿದ ಮೇಲೆ ನನಗೇ ಒಂಥರಾ ಆಯಿತು.

ರಮ್ಯ ಯುಗಕ್ಕೆ ಬಂದಾಗ ಕಷ್ಟ ಹೆಚ್ಚಿತು. ಆ ಕಾಲದ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ಗೋಡೆಯಾಚೆಗೆ ದಾಟಿಸಿದೆ. ಮಂಜು ಮುಸುಕಿದ ಬೆಟ್ಟ, ಪಾಳುಬಿದ್ದ ಕಮಾನು, ಬಿರುಗಾಳಿಗೆ ಸಿಕ್ಕ ಹಡಗು. “ಎಲ್ಲರೂ ಆಚೇಲೇ ಇದಾರಲ್ಲ, ಇವರು ಮನೆಗೆ ಯಾವಾಗ ಬರ್ತಿದ್ರು?” ಎಂದರು ಅತ್ತೆ. ಮೂರನೇ ಲಕ್ಷಣ, ಪ್ರಕೃತಿಯ ಆರಾಧನೆ, ಅವರಿಗೆ ಹಿಡಿಸಲೇ ಇಲ್ಲ. “ಮರ ನೋಡಿ ಅಳೋದು ಹೇಗೆ ಚಳವಳಿ ಆಗುತ್ತೆ?” ಎಂದರು. ನನಗೆ ಉತ್ತರ ಗೊತ್ತಿರಲಿಲ್ಲ. ಉತ್ತರ ಗೊತ್ತಿಲ್ಲದ ಮೇಷ್ಟ್ರು ಮಾಡುವ ಕೆಲಸವನ್ನೇ ನಾನೂ ಮಾಡಿದೆ, ಶೈಕ್ಷಣಿಕ ಪ್ರವಾಸ ಏರ್ಪಡಿಸಿದೆ. ಮುಂದಿನ ಭಾನುವಾರ ಬೆಳಿಗ್ಗೆ ಆಟೋ ಹಿಡಿದು ನಾವಿಬ್ಬರೂ ಜಕ್ಕೂರು ಕೆರೆಗೆ ಹೋದೆವು. ಶೈಲಜ ಬೇಕೆಂದೇ ಬರಲಿಲ್ಲ.

ಕೆರೆಯ ಏರಿಯ ಮೇಲೆ ನಡೆಯುವವರು ನಡೆಯುತ್ತಿದ್ದರು. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನವೊಂದು ಗಿರಕಿ ಹೊಡೆಯುತ್ತಿತ್ತು. ದೊಡ್ಡ ಕೊಕ್ಕಿನ ಹಕ್ಕಿಗಳು ನೀರಿನ ಮೇಲೆ ಕೂತಿದ್ದವು, ಗಾಳಿ ತಿರುಗಿದಾಗ ಮಾತ್ರ ಸ್ವಲ್ಪ ಚರಂಡಿಯ ವಾಸನೆ. ನಾನು ಭವ್ಯತೆಯನ್ನು ವಿವರಿಸಿದೆ: ಬಹಳ ದೊಡ್ಡದಾದದ್ದನ್ನು ಕಂಡಾಗ ಭಯವೂ ಆನಂದವೂ ಒಟ್ಟಿಗೇ ಆಗುವುದು, ನಾವು ಎಷ್ಟು ಸಣ್ಣವರು ಅನ್ನಿಸುವುದು. ಅತ್ತೆ ಯೋಚಿಸಿದರು. “ನನಗೆ ಹೆಬ್ಬಾಳದ ಫ್ಲೈಓವರ್ ಮೇಲೆ ಹಾಗಾಗುತ್ತೆ” ಎಂದರು. “ಆನಂದ?” ಎಂದು ಕೇಳಿದೆ. “ಇಳಿದ ಮೇಲೆ” ಎಂದರು. ಇಪ್ಪತ್ತೊಂಬತ್ತು ವರ್ಷದಲ್ಲಿ ಭವ್ಯತೆಗೆ ಸ್ವಂತ ಉದಾಹರಣೆ ಕೊಟ್ಟ ಮೊದಲ ವಿದ್ಯಾರ್ಥಿ ಇವರು.

ಅವರಿಗೆ ಮಂಡಿನೋವು, ಹತ್ತಿರದಲ್ಲಿದ್ದದ್ದು ಒಂದೇ ಬೆಂಚು. ಒಂದು ನಿಮಿಷ ಅದನ್ನೇ ನೋಡಿ ಆ ತುದಿಗೆ ಕೂತರು, ಈ ತುದಿಗೆ ನಾನು ಕೂತೆ. ಇಬ್ಬರ ಮುಖವೂ ಕೆರೆಯ ಕಡೆ. ಎದುರು ಕೂರಬಾರದು ಎಂದಿದೆ, ಪಕ್ಕದ ಬಗ್ಗೆ ಪದ್ಧತಿಯಲ್ಲಿ ಏನೂ ಹೇಳಿಲ್ಲವಂತೆ. ಹಕ್ಕಿಗಳನ್ನು ನೋಡುತ್ತಲೇ ಅವರು ಮಾತು ಶುರುಮಾಡಿದರು. “ಶೈಲಾ ಕೇಳಿದ್ಲು, ಈ ವಯಸ್ಸಲ್ಲಿ ಯಾಕಮ್ಮ ಬೇಕು ಅಂತ. ನಿಮ್ಮ ಮಾವ ಹೋದ ಕಡೆಯೆಲ್ಲ ಹೇಳ್ತಿದ್ರು, ನಮ್ಮನೇವ್ರು ಬಿ.ಎ. ಅಂತ. ಬಸ್ ಕಂಡಕ್ಟರಿಗೂ ಹೇಳಿದಾರೆ. ಕೊನೇ ವಾರ ಆಸ್ಪತ್ರೇಲಿ, ಮಾತಾಡಕ್ಕೇ ಆಗ್ತಿರಲಿಲ್ಲ, ಸೂಜಿ ಹಾಕಕ್ಕೆ ಬಂದ ನರ್ಸಮ್ಮನ ಹತ್ರ ನನ್ನ ತೋರಿಸಿ ಅದನ್ನೇ ಹೇಳಿದ್ರು. ನಾನು ಪಕ್ಕದಲ್ಲೇ ನಿಂತಿದ್ದೆ. ಆವಾಗಾದ್ರೂ ಹೇಳ್ಬಿಡಬೇಕಿತ್ತು. ಬಾಯಿ ಬರಲಿಲ್ಲ.” ಸೆರಗಿನಿಂದ ಕನ್ನಡಕ ಒರೆಸಿಕೊಂಡರು. “ಅವರು ಜನ್ಮದಲ್ಲಿ ಒಂದು ಸುಳ್ಳು ಹೇಳಿದೋರಲ್ಲ. ಇದೊಂದು ಮಾತ್ರ, ಅದೂ ನನ್ನಿಂದ. ಅದು ಸುಳ್ಳಾಗಿಯೇ ಉಳೀಬಾರದು, ಅಷ್ಟೆ.”

ನನ್ನ ನೋಟ್ಸು ನೆನಪಾಯಿತು. ನಾಲ್ಕನೇ ಲಕ್ಷಣ, ‘ಹೃದಯದ ಭಾವನೆಗಳಿಗೆ ಪ್ರಾಧಾನ್ಯ’. ಇದನ್ನು ಸಾವಿರಾರು ಮಕ್ಕಳಿಗೆ ಬರೆಸಿದ್ದೇನೆ, ಇಸವಿ ಬರೆಸುವ ದನಿಯಲ್ಲೇ. ಆ ಬೆಂಚಿನ ಮೇಲೆ ಕೂತಾಗ, ಯಾರನ್ನಾದರೂ ಸರಿ, 'ನಿಲ್ಲಿ, ಇದನ್ನು ಬರ್ಕೋಬೇಡಿ, ಸುಮ್ನೆ ಕೇಳಿ' ಎನ್ನಬೇಕು ಅನ್ನಿಸಿತು. ಅಲ್ಲಿ ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಇವರು ಪಾಸಾಗಲೇಬೇಕು ಎಂದು ಅವತ್ತು ನಾನು ಬಯಸಿದಷ್ಟು, ನನ್ನ ಸ್ವಂತ ಪರೀಕ್ಷೆಗಳಲ್ಲೂ ಬಯಸಿದವನಲ್ಲ.

ಆದದ್ದು ಮಾತ್ರ ಬೇರೆ. ಎರಡು ದಿನದ ಮೇಲೆ ಆರನೇ ಲಕ್ಷಣ ಬರೆಸಿದೆ: ‘ರಮ್ಯ ಯುಗದ ಚಿಂತಕರು ಮಳೆ ಬಂದಾಗ ಕಿಟಕಿಗಳನ್ನು ಮುಚ್ಚಿಕೊಳ್ಳುತ್ತಿದ್ದರು.’ ಗೋಡೆಯಾಚೆ ಪೆನ್ನು ನಿಂತಿತು. “ಇದೇನು?” ಎಂದು ಕೇಳಿತು ದನಿ. ಈ ಸಲ ಬೇಳೆ ಡಬ್ಬಿಯನ್ನಲ್ಲ, ನೇರವಾಗಿ ನನ್ನನ್ನೇ. “ಮೂರನೇದರಲ್ಲಿ ಪ್ರಕೃತಿ ಅಂದ್ರೆ ಪ್ರಾಣ ಅಂತ ಬರೆಸಿದ್ರಿ. ಬಿರುಗಾಳೀಲಿ ಬೆಟ್ಟ ಹತ್ತೋ ಜನ ಮಳೆ ಬಂದ್ರೆ ಕಿಟಕಿ ಯಾಕೆ ಮುಚ್ತಾರೆ?” ನಾನು ಗಂಭೀರವಾಗಿ, ಅದು ಸಾಂಕೇತಿಕ, ಹೊರಗಿನ ಜಗತ್ತನ್ನು ಮುಚ್ಚಿ ಅಂತರಂಗದ ಕಡೆ ತಿರುಗುವುದು ಎಂದೆ. ಹಿಂದೊಮ್ಮೆ ಒಂದು ವಿಚಾರಸಂಕಿರಣದಲ್ಲಿ ಇದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಅತ್ತೆ ಒಪ್ಪಲಿಲ್ಲ. “ಹಾಗಾದ್ರೆ ಬಿಸಿಲಲ್ಲಿ ತಿರುಗಬಾರದಾ, ಅಂತರಂಗದ ಕಡೆ?” ಎಂದರು. ನನಗೆ ರೇಗಿತು. “ನೋಟ್ಸ್ ಅಂದ್ರೆ ನೋಟ್ಸ್ ಅತ್ತೆ, ಸುಮ್ನೆ ಬರ್ಕೊಳ್ಳಿ” ಎಂದುಬಿಟ್ಟೆ. ಅವರು ಸುಮ್ಮನೆ ಬರೆದುಕೊಂಡರು. ಆ ಸುಮ್ಮನಿರುವಿಕೆ ನನ್ನನ್ನು ಶನಿವಾರದವರೆಗೆ ಕಾಡಿತು.

ಶನಿವಾರ ಮಧ್ಯಾಹ್ನ ಸ್ಟೂಲ್ ಹತ್ತಿ, ಸಜ್ಜದ ಮೇಲಿನ ಟ್ರಂಕಿನಿಂದ ನನ್ನ ಬಿ.ಎ. ಕಾಲದ ನೋಟ್ಸು ಇಳಿಸಿದೆ. ನನ್ನ ಕೆಂಪು ನೋಟ್‌ಬುಕ್ಕಿಗೆ ಮೂಲ ಅದೇ. ನಮ್ಮ ಮೇಷ್ಟ್ರು ನಮಗೆ ಬರೆಸಿದ್ದನ್ನು, ಕೆಲಸಕ್ಕೆ ಸೇರಿದ ವರ್ಷ ನಾನು ಭಾಷೆ ತಿದ್ದಿ ಪ್ರತಿಮಾಡಿಕೊಂಡಿದ್ದೆ. ಆ ಪುಟ ಸಿಕ್ಕಿತು. ನನ್ನದೇ ಕೈಬರಹ, ಓಡುವ ಬಸ್ಸಿನಲ್ಲಿ ಬರೆದಂತಿತ್ತು: ‘೫. ಗತಕಾಲದ ಬಗ್ಗೆ ಮೋಹ. ಮಳೆ ಬರ್ತಾ ಇದೆ ಕಿಟಕಿ ಮುಚ್ಚಿ.’ ನಾನು ಸ್ಟೂಲಿನ ಮೇಲೇ ಕೂತುಬಿಟ್ಟೆ. ನಮ್ಮ ಮೇಷ್ಟ್ರು ಕಿಟಕಿ ಪಕ್ಕದವರಿಗೆ ಹೇಳಿದ ಮಾತನ್ನು ನಾನು ತಲೆಯೆತ್ತದೆ ಬರೆದುಕೊಂಡಿದ್ದೆ. ಆಮೇಲೆ ಅದಕ್ಕೊಂದು ಕರ್ತೃಪದ ಸೇರಿಸಿ, ಭೂತಕಾಲಕ್ಕೆ ತಿರುಗಿಸಿ, ನಂಬರು ಹಾಕಿ, ಇಡೀ ಯೂರೋಪಿನ ತಲೆಗೆ ಕಟ್ಟಿದ್ದೆ. ಅದು ಬಜಾರಿನ ಗೈಡುಗಳಿಗೆ ಹೋಗಿದೆ. ಅಂಕ ಹಾಕುವ ಸ್ಕೀಮಿನಲ್ಲಿ ಆರನೇ ಅಂಶವಾಗಿ ಸೇರಿದೆ, ಆ ಸ್ಕೀಮು ಬರೆದ ಸಮಿತಿಯಲ್ಲಿ ನಾನೂ ಇದ್ದೆ. ಉತ್ತರ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಪದವೀಧರರು, ರಮ್ಯ ಕವಿಗಳಿಗೆ ನೆಗಡಿಯ ಭಯವಿತ್ತು ಎಂದು ನಂಬಿಕೊಂಡು ಬಾಳುತ್ತಿದ್ದಾರೆ.

ಅವತ್ತು ಸಂಜೆ ಫ್ರಿಜ್ಜಿನ ಮುಂದೆ ಕೂತು ತಪ್ಪೊಪ್ಪಿಕೊಂಡೆ. ಗೋಡೆಯಾಚೆ ಮೊದಲು ಸ್ಟೂಲ್ ಕಿರುಗುಟ್ಟಿತು, ಆಮೇಲೆ ಅತ್ತೆ ನಕ್ಕರು. ಇಪ್ಪತ್ತಾರು ವರ್ಷದಲ್ಲಿ ಅವರು ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನಕ್ಕು ನಕ್ಕು ಕೆಮ್ಮು ಬಂದು, ನೀರು ಕುಡಿದು, “ಪಾಪ, ಮಕ್ಕಳು ನೆನೀಬಾರದು ಅಂತ ಹೇಳಿದ್ದು ನಿಮ್ಮ ಮೇಷ್ಟ್ರು. ಒಳ್ಳೆಯವರಿದ್ದಿರಬೇಕು” ಎಂದರು. ನನಗೆ ಜೀವ ಬಂತು. ಜೀವ ಬಂದೊಡನೆ ನನ್ನೊಳಗಿನ ಮೇಷ್ಟ್ರೂ ಎದ್ದ. “ಆದರೆ ಅತ್ತೆ, ಪರೀಕ್ಷೇಲಿ ಅದನ್ನ ಬರೆದುಬಿಡಿ. ನಿಮ್ಮ ಯೂನಿವರ್ಸಿಟಿಯವರೂ ಅದೇ ಸ್ಕೀಮ್ ಇಟ್ಕೊಂಡಿದಾರೆ, ಎರಡು ಮಾರ್ಕ್ಸು. ಹೋದ ಸಲ ನಿಮಗೆ ಮೂವತ್ತಮೂರಕ್ಕೆ ನಿಂತಿದೆ, ಮೂವತ್ತೈದಕ್ಕೆ ಪಾಸು” ಎಂದೆ.

“ಸುಳ್ಳು ಅಂತ ಗೊತ್ತಾದ ಮೇಲೂನಾ?”

“ಒಂದು ಸಾಲು ಅತ್ತೆ. ಇದೇ ಕೊನೇ ಅವಕಾಶ.”

“ಸುಳ್ಳು ಬರೆದು ಬಿ.ಎ. ಆದ್ರೆ, ಲಗ್ನಪತ್ರಿಕೆಯ ಬಿ.ಎ.ಗೂ ಇದಕ್ಕೂ ಏನು ವ್ಯತ್ಯಾಸ?” ಎಂದರು ಅತ್ತೆ. ದನಿ ಮೆತ್ತಗೇ ಇತ್ತು. “ನೀವೇ ಬರೆಸಿದ್ದಲ್ವಾ, ಬೇರೆಯವರು ಹೇಳಿದ್ದನ್ನ ಹಾಗೇ ಒಪ್ಪಬಾರದು ಅಂತ. ನಾನು ಅದಕ್ಕೆ ಅಡಿಗೆರೆ ಎಳ್ಕೊಂಡಿದೀನಿ.”

ಪರೀಕ್ಷೆಯ ದಿನ ಯಶವಂತಪುರದ ಕಡೆಯ ಕೇಂದ್ರಕ್ಕೆ ನಾನೇ ಕರೆದುಕೊಂಡು ಹೋದೆ. ನಮ್ಮ ಮನೆಯವರೊಬ್ಬರು ಬರೆಯುತ್ತಿದ್ದಾರೆ ಎಂದು ತಿಳಿಸಿ ಈ ಸಲ ಮೌಲ್ಯಮಾಪನದಿಂದ ಹೊರಗುಳಿದಿದ್ದೆ. ಮೂರು ಗಂಟೆ ಎದುರಿನ ಟೀ ಅಂಗಡಿಯಲ್ಲಿ ನಾಲ್ಕು ಟೀ ಕುಡಿದೆ. ಮಕ್ಕಳ ನಡುವೆ ನಿಧಾನವಾಗಿ ಮೆಟ್ಟಿಲಿಳಿದು ಬಂದ ಅತ್ತೆಯನ್ನು ಕಂಡೊಡನೆ, ಪರೀಕ್ಷೆ ಬರೆದವರಿಗೆ ನೀರು ಕೊಡುವುದನ್ನೂ ಮರೆತು, “ರಮ್ಯ ಬಂತಾ?” ಎಂದೆ. “ಬಂತು. ಆರು ಲಕ್ಷಣ ವಿವರಿಸಿ ಅಂತ.” “ಆರನೇದು?” ಅತ್ತೆ ಆಟೋ ಹತ್ತಿ ಕೂತು, ಸೀರೆ ಸರಿಮಾಡಿಕೊಂಡು ಹೇಳಿದರು: “ಇವರೆಲ್ಲ ಮನೆ ಬಿಟ್ಟು ಬಹಳ ದೂರ ನಡೆದರು, ತಮ್ಮ ಮನಸ್ಸಿನ ಬಗ್ಗೆ ಬಹಳ ಬರೆದರು, ಮನೇಲಿ ದೀಪ ಹಚ್ಚಿಕೊಂಡು ಕಾಯ್ತಿದ್ದವರ ಮನಸ್ಸಿನ ಬಗ್ಗೆ ಅಷ್ಟಾಗಿ ಬರೆಯಲಿಲ್ಲ ಅಂತ ಬರೆದೆ. ತಪ್ಪಾ?” ತಪ್ಪಲ್ಲ ಎಂದೆ. ಸ್ಕೀಮಿನಲ್ಲಿ ಅದಕ್ಕೆ ಸೊನ್ನೆ ಎಂದು ಹೇಳಲಿಲ್ಲ.

ಎರಡು ತಿಂಗಳು ನಾನು ನಿದ್ದೆಗೆಟ್ಟೆ, ಅತ್ತೆ ಚೆನ್ನಾಗಿಯೇ ನಿದ್ದೆ ಮಾಡಿದರು. ಫಲಿತಾಂಶ ಬಂದ ಬೆಳಿಗ್ಗೆ ಮೊಬೈಲಿನಲ್ಲಿ ನಂಬರು ಹಾಕುವಾಗ ನನ್ನ ಬೆರಳು ಎರಡು ಸಲ ತಪ್ಪಿತು. ಮೂವತ್ತೇಳು. ಉತ್ತೀರ್ಣ. ಯಾರೋ ಒಬ್ಬ ಮೇಷ್ಟ್ರು, ಎಲ್ಲೋ ಒಂದು ಮೌಲ್ಯಮಾಪನ ಕೇಂದ್ರದಲ್ಲಿ, ಸ್ಕೀಮನ್ನು ಪಕ್ಕಕ್ಕಿಟ್ಟು ಆ ಆರನೇ ಲಕ್ಷಣಕ್ಕೆ ಅಂಕ ಹಾಕಿದನೋ, ಅಥವಾ ಉಳಿದ ಉತ್ತರಗಳೇ ದಾಟಿಸಿದವೋ ನನಗೆ ಗೊತ್ತಿಲ್ಲ. ಹಾಕಿದ್ದರೆ ಆತ ನನಗಿಂತ ಒಳ್ಳೆಯ ಮೇಷ್ಟ್ರು. ಅತ್ತೆ ಮೊಬೈಲನ್ನು ಕೈಗೆ ತೆಗೆದುಕೊಂಡು ತಮ್ಮ ಹೆಸರನ್ನೂ ಅದರ ಮುಂದಿನ ಪದವನ್ನೂ ಬೆರಳಿಟ್ಟು ಮೂರು ಸಲ ಓದಿದರು. ವಾಪಸ್ಸು ಕೊಟ್ಟು, ಒಳಗೆ ಹೋಗಿ ಅಕ್ಕಿ ತೊಳೆಯತೊಡಗಿದರು. ನಲ್ಲಿ ಬಹಳ ಹೊತ್ತು ಓಡುತ್ತಲೇ ಇತ್ತು. ಶೈಲಜ ನನ್ನ ಭುಜಕ್ಕೆ ತಲೆಯಿಟ್ಟು ಅತ್ತಳು, ನಾನೂ ಕಣ್ಣೊರೆಸಿಕೊಂಡೆ ಎಂದು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆಮೇಲೆ ಹೊಸ ಸಮಸ್ಯೆ ಎದ್ದಿತು. ಇಷ್ಟು ದೊಡ್ಡ ಸಂತೋಷಕ್ಕೆ ಬೀದಿಗೆಲ್ಲ ಸಿಹಿ ಹಂಚಬೇಕು. ಆದರೆ ಏನೆಂದು ಹೇಳಿ ಹಂಚುವುದು? ಬೀದಿಯವರ ಪಾಲಿಗೆ ಅತ್ತೆ ಬಿ.ಎ. ಆಗಿ ಐವತ್ತು ವರ್ಷವಾಗಿದೆ. ಈಗ ಪಾಸಾದರು ಎಂದರೆ ಮಾವ ಹೇಳಿದ್ದು ಅಷ್ಟು ವರ್ಷ ಸುಳ್ಳಾಗಿತ್ತು ಎಂದು ಸಾರಿದಂತೆ. “ಹಂಚೋದು ಬೇಡ ಬಿಡಮ್ಮ, ನಾವೇ ತಿನ್ನೋಣ” ಎಂದಳು ಶೈಲಜ. ನಾನು ಕಾಲೇಜಿಗೆ ಹೊರಟಾಗ ಅತ್ತೆ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು.

ಸಂಜೆ ಬೀದಿಯ ತಿರುವಿಗೆ ಬರುತ್ತಿದ್ದಂತೆ ಮುನಿರಾಜಪ್ಪನವರು ಗೇಟಿನಿಂದಲೇ ಕೂಗಿದರು. “ಬನ್ನಿ ಸಾ ಇಲ್ಲಿ! ಒಂದು ಮಾತು ಏಳ್ಲೇ ಇಲ್ವಲ್ಲ ನೀವು!”

“ಏನು ಹೇಳ್ಲಿಲ್ಲ?”

“ಬಿ.ಎ. ಅಮ್ಮೋರು ಈಗ್ತಾನೆ ಬಂದು ಕೊಬ್ರಿ ಮಿಠಾಯಿ ಕೊಟ್ಟೋದ್ರು. ನಮ್ಮ ಅಳಿಯಂದ್ರು ಪರೀಕ್ಷೆ ಪಾಸ್ ಮಾಡ್ಕೊಂಡ್ರು ಅಂತ ಮನೆಮನೇಗೂ ಏಳವ್ರೆ. ಈ ವಯಸ್ಸಲ್ಲೂ ಇಂಗೆ ಕುಂತು ಓದ್ತೀರಲ್ಲ, ಮೆಚ್ಚಬೇಕು ಸಾ ನಿಮ್ಮನ್ನ.”

ನಮ್ಮ ಗೇಟಿನ ಕಡೆ ನೋಡಿದೆ. ಅತ್ತೆ ಖಾಲಿ ಡಬ್ಬಿ ಹಿಡಿದು ನಿಂತಿದ್ದರು. ಎರಡು ಅಂಕಕ್ಕಾಗಿ ಒಂದು ಸಾಲು ಸುಳ್ಳು ಬರೆಯದ ಹೆಂಗಸು ಏಳೆಂಟು ಮನೆಗಳಿಗೆ ಹೋಗಿ ಈ ಮಾತು ಹೇಳಿ ಬಂದಿದ್ದರು. ಅವರ ಮುಖದಲ್ಲಿ ಸುಳ್ಳು ಹೇಳಿದ ಕಳೆ ಒಂದಿಷ್ಟೂ ಇರಲಿಲ್ಲ. ನಿಂತು ಯೋಚಿಸಿದರೆ ನನಗೂ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ.

“ಯಾವ ಪರೀಕ್ಷೆ ಸಾ?” ಎಂದರು ಮುನಿರಾಜಪ್ಪನವರು.

“ಯೂರೋಪಿನ ಚರಿತ್ರೆ.”

“ಅದನ್ನ ನೀವೇ ಅಲ್ವಾ ಸಾ, ಕಾಲೇಜಲ್ಲಿ ಏಳ್ಕೊಡಾದು?”

“ಹೌದು ಮುನಿರಾಜಪ್ಪನವರೇ” ಎಂದೆ. “ಅದಕ್ಕೇ ಪಾಸಾಗೋದು ಇಷ್ಟು ತಡವಾಯ್ತು.”